ಪಾರ್ಕಿನ ಕಲ್ಲಿಗೆ ನಾಲ್ಕು ಸಾಲು

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಭೆ ಸೇರಿತ್ತು. ಹೊಂಗೆಮರದ ಕೆಳಗೆ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಮೇಜಿನ ಮೇಲೊಂದು ದೊಡ್ಡ ನಕ್ಷೆ, ಅದು ಹಾರದಂತೆ ನಾಲ್ಕು ಮೂಲೆಗೂ ನೀರಿನ ಬಾಟಲಿ. ಪಾರ್ಕಿನ ನವೀಕರಣಕ್ಕೆ ಹಣ ಮಂಜೂರಾಗಿದೆ, ಸಾರ್ವಜನಿಕರ ಅಭಿಪ್ರಾಯ ಪಡೆದೇ ಕೆಲಸ ಶುರು ಮಾಡಬೇಕಂತೆ ಎಂದು ಎಂಜಿನಿಯರು ವಿವರಿಸಿದರು. ನಡೆಯುವ ಹಾದಿಗೆ ಹೊಸ ಟೈಲ್ಸು, ಒಂದು ಓಪನ್ ಜಿಮ್ಮು, ಗೇಟಿಗೆ ಕಮಾನು, ಮೂಲೆಯ ಮಣ್ಣಿನ ಜಾಗದಲ್ಲಿ ಬಣ್ಣದ ದೀಪದ ಕಾರಂಜಿ. ಅಭಿಪ್ರಾಯಗಳೂ ಬಂದವು. ಟೈಲ್ಸು ಮಳೆಯಲ್ಲಿ ಜಾರುತ್ತವೆ ಎಂದರು ಒಬ್ಬರು. ಕಾರಂಜಿ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದರು ಮತ್ತೊಬ್ಬರು. ನಾಯಿಗಳ ಬಗ್ಗೆ ಹತ್ತು ನಿಮಿಷ ಮಾತಾಯಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು, ರಿಜಿಸ್ಟರಿನಲ್ಲಿ ಸಹಿ ಹಾಕಿ ಕಾಫಿ ಕುಡಿದೆವು.

ಹೊರಡುವಾಗ ನಿವಾಸಿಗಳ ಸಂಘದ ಅಧ್ಯಕ್ಷರು ನನ್ನನ್ನು ತಡೆದರು. "ಮೇಷ್ಟ್ರೇ, ನೀವು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೋರು. ಗೇಟಿನ ಹತ್ರ ಒಂದು ಗ್ರಾನೈಟ್ ಕಲ್ಲು ಹಾಕಿಸ್ತಿದ್ದೀವಿ. ನಮ್ಮ ಪಾರ್ಕಿನ ಇತಿಹಾಸ ನಾಲ್ಕು ಸಾಲು ಬರ್ಕೊಡಿ."

ನಾಲ್ಕು ಸಾಲು ತಾನೆ, ಸಂಜೆಯೊಳಗೆ ಕೊಡುತ್ತೇನೆ ಎಂದೆ. ಕೊಟ್ಟಿದ್ದು ನಾಲ್ಕು ತಿಂಗಳ ಮೇಲೆ. ಆ ನಾಲ್ಕು ತಿಂಗಳಲ್ಲಿ ನಾನು ಕಂಡುಕೊಂಡದ್ದು, ನಮ್ಮ ಪಾರ್ಕಿನ ಇತಿಹಾಸದಲ್ಲಿ ನನ್ನದೂ ಒಂದು ಪಾತ್ರವಿದೆ, ಅದು ಹೇಳಿಕೊಳ್ಳುವಂಥದ್ದಲ್ಲ ಎಂಬುದನ್ನು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಊರಿನ ಕಥೆ.

ಬೆಂಗಳೂರಿನ ಉದ್ಯಾನಗಳ ಚರಿತ್ರೆ ಎಂದರೆ ಎಲ್ಲರೂ ಲಾಲ್‌ಬಾಗಿನಿಂದ ಆರಂಭಿಸುತ್ತಾರೆ. 1760ರಲ್ಲಿ ಹೈದರಾಲಿ ಆರಂಭಿಸಿದ ಅದು ಅರಸನ ತೋಟ. ನೂರಹತ್ತು ವರ್ಷಗಳ ನಂತರ, 1870ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯವರ ಕಾಲದಲ್ಲಿ ಕಬ್ಬನ್ ಪಾರ್ಕು ರೂಪುಗೊಂಡಿತು. ಮೊದಲು ಅದರ ಹೆಸರು ಮೀಡ್ಸ್ ಪಾರ್ಕ್. ಆಮೇಲೆ ಹಿಂದಿನ ಕಮಿಷನರ್ ಮಾರ್ಕ್ ಕಬ್ಬನ್ ಅವರ ಹೆಸರು ಬಂತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಮರುನಾಮಕರಣವಾಯಿತು. ಜನ ಮಾತ್ರ ಇವತ್ತಿಗೂ ಕಬ್ಬನ್ ಪಾರ್ಕ್ ಎನ್ನುತ್ತಾರೆ. ಮೂರೂ ಹೆಸರುಗಳು ಆಳಿದವರವು. ಹಾದಿ ಎಲ್ಲಿ ಹೋಗಬೇಕು, ಬ್ಯಾಂಡ್ ಬಾರಿಸುವವರು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿದವರೂ ಅವರೇ. ಪೇಟೆಯ ನೇಕಾರನನ್ನಾಗಲಿ, ದಂಡಿನ ತರಕಾರಿ ಮಾರುವವಳನ್ನಾಗಲಿ ನಿಮಗೆಂಥ ಉದ್ಯಾನ ಬೇಕು ಎಂದು ಕೇಳುವ ಪದ್ಧತಿಯೇ ಆಗ ಇರಲಿಲ್ಲ.

ನಮ್ಮ ಮನೆ ಹತ್ತಿರದ ಚಿಕ್ಕ ಪಾರ್ಕಿನ ವಂಶವೃಕ್ಷ ಬೇರೆ. ಅದರ ಮೂಲ ಅರಮನೆಯಲ್ಲಿಲ್ಲ, ರೋಗದಲ್ಲಿದೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಬೆಳಕು ಬೀಳದ ಹಿಂಮನೆಗಳಲ್ಲಿ ಜನ ಸತ್ತರು. ಬದುಕಿದವರು ಊರಾಚೆ ಗುಡಿಸಲು ಹಾಕಿಕೊಂಡರು. ಅದಾಗಲೇ ರೇಖೆ ಎಳೆದಿಟ್ಟಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಆ ಭಯದಲ್ಲೇ. ಬಸವನಗುಡಿಯ ನಕ್ಷೆ ನೋಡಿದರೆ ಆ ಕಾಲದ ಯೋಚನೆ ಕಣ್ಣಿಗೆ ಕಟ್ಟುತ್ತದೆ. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಸಣ್ಣ ಗಲ್ಲಿಗಳು, ನಟ್ಟನಡುವೆ ಒಂದು ದೊಡ್ಡ ಖಾಲಿ ಚೌಕ. ಆ ಚೌಕವೇ ಈಗಿನ ಎಂ. ಎನ್. ಕೃಷ್ಣರಾವ್ ಪಾರ್ಕು. ಗಾಳಿ ಆಡದಿದ್ದರೆ ರೋಗ ನಿಲ್ಲುತ್ತದೆ ಎಂದು ಆಗ ನಂಬಿದ್ದರು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಎಲ್ಲರಿಗೂ ಖಾತ್ರಿಯಾಗಿದ್ದು ಆಮೇಲೆ. ಕಾರಣ ತಪ್ಪಾಗಿ ತಿಳಿದಿದ್ದರೂ ಬಿಟ್ಟ ಜಾಗ ಮಾತ್ರ ಉಳಿಯಿತು. ಕೆಟ್ಟ ಕಾಲ ಕೊಟ್ಟುಹೋದ ಒಳ್ಳೆಯ ವಸ್ತುಗಳಲ್ಲಿ ಅದೂ ಒಂದು.

ಜಾಡಮಾಲಿಗಳಿಗೆಂದು ಮಾಡಿದ ಆ ಹಿಂದಿನ ಗಲ್ಲಿಗಳನ್ನು ಮರೆಯಬೇಡಿ. ಗಾಳಿ ಎಲ್ಲರಿಗೂ ಇರಲಿ ಎಂದ ನಕ್ಷೆಯೇ, ಕೆಲವರು ಮುಂದಿನ ರಸ್ತೆಯಲ್ಲಿ ಕಾಣಿಸಿಕೊಳ್ಳದಿರಲಿ ಎಂದೂ ಹೇಳಿತ್ತು.

ಪ್ಲೇಗಿನ ನಂತರ ಊರು ತಿದ್ದುವ ಮಂಡಳಿಗಳು ಒಂದೊಂದಾಗಿ ಹುಟ್ಟಿದವು. ಮುಂಬಯಿಯಲ್ಲಿ 1898ರಲ್ಲಿ, ಮೈಸೂರಿನಲ್ಲಿ 1903ರಲ್ಲಿ. ಬೆಂಗಳೂರಿಗೆ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ, ಬಂದದ್ದು 1945ರ ಕಾಯಿದೆಯಿಂದ. ಜಯನಗರದಂಥ ದೊಡ್ಡ ಬಡಾವಣೆಗಳೂ ನಮ್ಮದರಂಥ ಪುಟ್ಟ ಬಡಾವಣೆಗಳೂ ಅದರ ಕೂಸುಗಳೇ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಆ ಕಾಯಿದೆಗಳನ್ನು ಓದುವಾಗ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬಡಾವಣೆಯಲ್ಲಿ ತೆರೆದ ಜಾಗ ಯಾಕೆ ಬಿಡಬೇಕು ಎಂಬುದಕ್ಕೆ ಕಾನೂನು ಕೊಡುವ ಕಾರಣ, ಆ ಪ್ರದೇಶದಲ್ಲಿ ಚೆನ್ನಾಗಿ ಗಾಳಿಯಾಡಲಿ ಎಂದು. ಪ್ಲೇಗಿನ ಕಾಲದ ಹೆದರಿಕೆ ಕಾನೂನಿನ ಒಂದು ಶಬ್ದದಲ್ಲಿ ಹಾಗೇ ಕೂತುಬಿಟ್ಟಿದೆ. 1984ರ ತಿದ್ದುಪಡಿ ಅದಕ್ಕೆ ಅಳತೆಯನ್ನೂ ಕೊಟ್ಟಿತು. ಬಡಾವಣೆಯ ಶೇಕಡಾ 15ಕ್ಕೆ ಕಡಿಮೆ ಇಲ್ಲದಷ್ಟು ಜಾಗ ಪಾರ್ಕು, ಆಟದ ಮೈದಾನಗಳಿಗೆ. ಅದರ ಮೇಲೆ ಶೇಕಡಾ 10ಕ್ಕೆ ಕಡಿಮೆ ಇಲ್ಲದಷ್ಟು ನಾಗರಿಕ ಸೌಲಭ್ಯಗಳಿಗೆ.

ಕಾಗದದ ಮೇಲೆ ಪಾರ್ಕು ಎಂದಿದ್ದರೆ ನೆಲದ ಮೇಲೆ ಪಾರ್ಕಾಗುವುದಿಲ್ಲ. 1983ರಲ್ಲಿ ನಾವು ಈ ಬಡಾವಣೆಗೆ ಬಂದಾಗ ಇಲ್ಲಿದ್ದದ್ದು ಬರೀ ತಗ್ಗು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಪಾರ್ಥೇನಿಯಂ. ಅಕ್ಕಪಕ್ಕದವರ ಎಮ್ಮೆಗಳು ಮೇಯುತ್ತಿದ್ದವು. ಮನೆ ಕಟ್ಟುವವರು ಒಡೆದ ಇಟ್ಟಿಗೆ ತಂದು ಸುರಿಯುತ್ತಿದ್ದರು. ಒಮ್ಮೆ ಯಾರೋ ರಾತ್ರೋರಾತ್ರಿ ಕಲ್ಲುಕಂಬ ನೆಟ್ಟು ತಂತಿ ಬಿಗಿದರು. ನಮ್ಮ ಬೀದಿಯ ಹೆಂಗಸರು ಮಧ್ಯಾಹ್ನ ಕೆಲಸ ಮುಗಿಸಿ ಹೋಗಿ ಆ ಕಂಬಗಳನ್ನು ಅಲ್ಲಾಡಿಸಿ ಕಿತ್ತರು. ನಾವು ಗಂಡಸರು ಕಚೇರಿಯಿಂದ ಬರುವ ಹೊತ್ತಿಗೆ ತಂತಿ ಸುರುಳಿ ಸುತ್ತಿ ಮೂಲೆಯಲ್ಲಿಟ್ಟಿತ್ತು. ಆ ವರ್ಷ ನೆಟ್ಟ ಹೊಂಗೆಗಳೇ ಇವತ್ತು ಸಭೆಗೆ ನೆರಳು ಕೊಟ್ಟವು.

ಆ ಕಂಬ ಕಿತ್ತವರಿಗೆ ಕಾನೂನಿನ ಬಲವಿತ್ತೇ? ಅದೇ ಪ್ರಶ್ನೆ ಊರಿನ ಇನ್ನೊಂದು ತುದಿಯಲ್ಲಿ, ಸ್ಯಾಂಕಿ ಕೆರೆಯ ಹತ್ತಿರದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಎದ್ದಿತ್ತು. ಅಲ್ಲಿ ಸಿಐಟಿಬಿ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಒಂದು ನಿವೇಶನವನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಬಿಡಿಎ ಒಂದು ವೈದ್ಯಕೀಯ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು.

ಟ್ರಸ್ಟಿನ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ಪಾರ್ಕಿಗಿಂತ ಆಸ್ಪತ್ರೆ ದೊಡ್ಡ ಉಪಕಾರವಲ್ಲವೇ? ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಕೇಳಿದ್ದರೆ ಅರ್ಧ ಹುಡುಗರು ಆಸ್ಪತ್ರೆಯ ಪಕ್ಷವೇ ಆಗುತ್ತಿದ್ದರು. 1991ರ ಜುಲೈಯಲ್ಲಿ ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಅವರು ಕೊಟ್ಟ ತೀರ್ಪು ಆ ಪ್ರಶ್ನೆಯನ್ನೇ ಬೇರೆ ಥರ ಕೇಳಿತು. ಪಾರ್ಕು ಎಲ್ಲರಿಗೂ ಸೇರಿದ್ದು; ಖಾಸಗಿ ನರ್ಸಿಂಗ್ ಹೋಮು ದುಡ್ಡು ಕೊಡಬಲ್ಲವರಿಗೆ ಮಾತ್ರ. ಎಲ್ಲರಿಗೆಂದು ಇಟ್ಟದ್ದನ್ನು ಕೆಲವರಿಗೆ ಕೊಡುವ ಅಧಿಕಾರ ಸರ್ಕಾರಕ್ಕಿಲ್ಲ. ಒಂದು ಕಾಲಕ್ಕೆ ಉದ್ಯಾನಗಳು ಅರಸರ, ಸಿರಿವಂತರ ಸೊತ್ತಾಗಿದ್ದವು; ಸಾರ್ವಜನಿಕ ಪಾರ್ಕು ಬೆಳೆದದ್ದು ಸಮಾನತೆಯ ಕಲ್ಪನೆಯ ಜೊತೆಗೆ; ಅದು ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ದಾವೆ ಹೂಡಲು ಅಕ್ಕಪಕ್ಕದವರಿಗೇನು ಹಕ್ಕು ಎಂಬ ಆಕ್ಷೇಪಕ್ಕೂ ಅಲ್ಲಿ ಉತ್ತರ ಸಿಕ್ಕಿತು. ಪಾರ್ಕು ಹೋದರೆ ಕಳೆದುಕೊಳ್ಳುವವರು ಅವರೇ, ಆದ್ದರಿಂದ ಕೇಳುವ ಹಕ್ಕು ಅವರಿಗಿದೆ.

1976ರಿಂದ 1991, ಹದಿನೈದು ವರ್ಷ. ಈ ನಡುವೆ 1984ರ ತಿದ್ದುಪಡಿ ಪಾರ್ಕಿನ ಜಾಗವನ್ನು ಬಿಡಿಎ ಮಾರುವಂತಿಲ್ಲ ಎಂದು ಸ್ಪಷ್ಟಪಡಿಸಿತು. 1985ರಲ್ಲಿ ಪಾರ್ಕು, ಆಟದ ಬಯಲುಗಳನ್ನು ಕಾಪಾಡಲು ಪ್ರತ್ಯೇಕ ಕಾಯಿದೆಯೇ ಆಯಿತು. 1998ರಲ್ಲಿ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಉದ್ಯಾನದ ಗಡಿಯಿಂದ ಹೊರಗಿಡುವ ಆದೇಶ ಬಂದಾಗ ಜನ ಬೀದಿಗಿಳಿದರು. ಹೆಸರಿಡುವಾಗ ಯಾರೂ ಕೇಳದಿದ್ದ ಪಾರ್ಕಿಗಾಗಿ ಊರಿನವರು ಕೂಗು ಹಾಕಿದ್ದು ಅಲ್ಲಿ. ಇವತ್ತು ಎಂಜಿನಿಯರು ನಕ್ಷೆ ಹಿಡಿದು ನಮ್ಮ ಮುಂದೆ ನಿಂತು "ನಿಮ್ಮ ಅಭಿಪ್ರಾಯ ಹೇಳಿ" ಎನ್ನುತ್ತಾರಲ್ಲ, ಆ ಒಂದು ವಾಕ್ಯದ ಹಿಂದೆ ಇಷ್ಟೆಲ್ಲ ಇದೆ.

ಇಷ್ಟು ಬರೆದು, ಕಲ್ಲಿಗೆ ಬೇಕಾದ ಸಾಮಗ್ರಿ ಸಿಕ್ಕಿತು ಎಂದುಕೊಂಡೆ. ಜನ ಕಷ್ಟಪಟ್ಟು ಗಳಿಸಿದ ಹಕ್ಕು ಎಂದು ಕೊನೆಯ ಸಾಲೂ ಹೊಳೆದಿತ್ತು. ಹಳೆಯ ಕಾಗದಗಳಿದ್ದರೆ ನೋಡೋಣವೆಂದು ಸಂಘದ ಕಪಾಟು ತೆಗೆಸಿದೆ. ಅಲ್ಲಿ ಸಿಕ್ಕಿತು ನನ್ನದೇ ಕೈಬರಹದ ಒಂದು ಮನವಿ.

ಹದಿನೈದು ವರ್ಷದ ಹಿಂದಿನದು. ಪಾರ್ಕನ್ನು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀಗ ಹಾಕಿಡಬೇಕೆಂದು ಕೋರಿದ್ದ ಪತ್ರ. "ಮಧ್ಯಾಹ್ನದ ವೇಳೆಯಲ್ಲಿ ಬಡಾವಣೆಗೆ ಸಂಬಂಧಪಡದ ವ್ಯಕ್ತಿಗಳು ಬಂದು ಮಲಗುವುದು, ಕುಳಿತು ಹರಟುವುದು" ನಿವಾಸಿಗಳ ನೆಮ್ಮದಿಗೆ ಭಂಗ ತಂದಿದೆ ಎಂದು ನಾನೇ ಬರೆದಿದ್ದೆ. ಭಾಷೆ ಅಚ್ಚುಕಟ್ಟಾಗಿತ್ತು. ಕೆಳಗೆ ನಲವತ್ತೊಂದು ಸಹಿಗಳಿದ್ದವು. ಬೀಗ ಬಿತ್ತು, ನಾವು ಮರೆತೆವು. ನಗರದ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಪಾಲಿಕೆ ಹೇಳಿದ ಮೇಲೂ ನಮ್ಮ ಗೇಟಿನ ಬೀಗ ಅಭ್ಯಾಸಬಲದಿಂದ ಬೀಳುತ್ತಲೇ ಇತ್ತು.

ಮರುದಿನ ಹನ್ನೊಂದೂವರೆಗೆ, ನಾನೆಂದೂ ಹೋಗದ ಹೊತ್ತಿನಲ್ಲಿ, ಪಾರ್ಕಿನ ಕಡೆ ಹೋದೆ. ಕಾಂಪೌಂಡಿನ ಹೊರಗೆ, ಟ್ರಾನ್ಸ್‌ಫಾರ್ಮರ್ ಪಕ್ಕದ ಫುಟ್‌ಪಾತಿನ ಮೇಲೆ ಆರು ಜನ ಪೌರಕಾರ್ಮಿಕ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಬೆಳಕು ಹರಿಯುವ ಮುಂಚೆಯೇ ಬಂದು ನಮ್ಮ ಬೀದಿಗಳನ್ನು ಗುಡಿಸಿದವರು. ಇಬ್ಬರು ಡೆಲಿವರಿ ಹುಡುಗರು ಬೈಕಿನ ಮೇಲೇ ಒರಗಿ ಕಣ್ಣು ಮುಚ್ಚಿದ್ದರು. ಒಂದು ಮನೆಯ ಅಡುಗೆ ಮುಗಿಸಿ ಇನ್ನೊಂದು ಮನೆಯ ಹೊತ್ತಿಗಾಗಿ ಕಾಯುತ್ತಿದ್ದಾಕೆ ಗೋಡೆಯ ನೆರಳಿನಲ್ಲಿ ನಿಂತಿದ್ದಳು. ಗ್ರಿಲ್ಲಿನ ಆಚೆ ಹನ್ನೆರಡು ಕಲ್ಲುಬೆಂಚುಗಳು ಖಾಲಿ ಇದ್ದವು.

"ಒಳಗೆ ಕೂತ್ಕೋಬಾರದಾ ಅಮ್ಮಾ?" ಎಂದು ಕೇಳಿದೆ. ಕೇಳಬಾರದಿತ್ತು.

ಹಿರಿಯಾಕೆ ತಲೆಯೆತ್ತಿ, "ಒಳಗೆ ನಲ್ಲಿ ಐತೆ, ನೆಳ್ಳೈತೆ, ಬೀಗಾನೂ ಐತಲ್ಲ ಸಾರ್" ಎಂದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಬರ್ತದೆ, ಬಿಸಿಲು ಬರ್ತದೆ ಅನ್ನುವ ಹಾಗೆ ಹೇಳಿ ಮತ್ತೆ ಊಟಕ್ಕೆ ಬಗ್ಗಿದಳು. ಪಾರ್ಕಿನೊಳಗೆ ಒಂದು ಶೌಚಾಲಯವೂ ಇದೆ, ಅದಕ್ಕೂ ಬೀಗ. ಈ ಹೆಂಗಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಏನು ಮಾಡುತ್ತಾರೆ ಎಂದು ಹದಿನೈದು ವರ್ಷ ನಾವು ನಲವತ್ತೊಂದು ಜನ ಯೋಚಿಸಿರಲಿಲ್ಲ.

ಸಂಬಂಧಪಡದ ವ್ಯಕ್ತಿಗಳು. ಸುಪ್ರೀಂ ಕೋರ್ಟು ನಮಗೆ ಕೊಟ್ಟ ಹಕ್ಕನ್ನು ನಾವು ಹೀಗೆ ಬಳಸಿದ್ದೆವು. ಎಲ್ಲರಿಗೆಂದು ಇಟ್ಟದ್ದನ್ನು ಕೆಲವರಿಗೆ ಮಾಡಿಕೊಳ್ಳಲು ಆಸ್ಪತ್ರೆಯೇ ಬೇಕಿಲ್ಲ, ಒಂದು ಬೀಗ ಸಾಕು. ಬಸವನಗುಡಿಯ ಹಿಂದಿನ ಗಲ್ಲಿಯನ್ನು ನಾವು ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ತಂದಿಟ್ಟಿದ್ದೆವು, ಅಷ್ಟೇ.

ಆಮೇಲೆ ಹತ್ತು ಹನ್ನೆರಡು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಕೂತೆ. ನಾಲ್ಕಕ್ಕೆ ಬೀಗ ತೆಗೆದ ಕೂಡಲೆ ಸರ್ಕಾರಿ ಶಾಲೆಯ ಹುಡುಗರು ಮೂಲೆಯ ಮಣ್ಣಿನ ಜಾಗಕ್ಕೆ ನುಗ್ಗುತ್ತಿದ್ದರು. ಕಾರಂಜಿ ಬರಬೇಕಿದ್ದ ಜಾಗ ಅದೇ. ಟೆನಿಸ್ ಬಾಲು, ಒಂದು ಹಲಗೆ, ವಿಕೆಟಿಗೆ ಇಟ್ಟಿಗೆ. ಐದೂವರೆಗೆ ವಾಕಿಂಗಿನವರು ಬರುವಷ್ಟರಲ್ಲಿ ಅವರ ಆಟ ಮುಗಿದಿರುತ್ತಿತ್ತು. ನಮ್ಮ ಸಭೆ ನಡೆದದ್ದು ಬೆಳಗ್ಗೆ ಏಳಕ್ಕೆ. ಆ ಹೊತ್ತಿನಲ್ಲಿ ಪಾರ್ಕಿನಲ್ಲಿ ಇರುವವರು ನಾವು ಮಾತ್ರ. ನಮ್ಮನ್ನು ನಾವೇ ಕೇಳಿ, ನಮಗೆ ನಾವೇ ಉತ್ತರ ಹೇಳಿಕೊಂಡಿದ್ದೆವು.

ಹೀಗೆ ಕೂತು ನೋಡಿ ಜಾಗ ರೂಪಿಸಿದವರು ಬೇರೆಲ್ಲಾದರೂ ಇದ್ದಾರೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ಆಮ್‌ಸ್ಟರ್‌ಡ್ಯಾಮಿನ ಕಥೆ. ಎರಡನೇ ಮಹಾಯುದ್ಧ ಮುಗಿದಿತ್ತು. ಯುದ್ಧದ ಕೊನೆಯ ಚಳಿಗಾಲದಲ್ಲಿ ಜನ ಉರುವಲಿಗಾಗಿ ಖಾಲಿ ಮನೆಗಳ ಮರಮುಟ್ಟು ಕಿತ್ತಿದ್ದರಿಂದ ಎಷ್ಟೋ ಮನೆಗಳು ಕುಸಿದು ನಿವೇಶನಗಳು ಬಯಲಾಗಿದ್ದವು. ಅವುಗಳಲ್ಲಿ ಅನೇಕವು ನಾತ್ಸಿಗಳು ಹಿಡಿದೊಯ್ದ ಯಹೂದಿಗಳ ಮನೆಗಳು. ನಗರದ ಯೋಜನಾ ವಿಭಾಗದಲ್ಲಿದ್ದ ಯಾಕೋಬಾ ಮುಲ್ಡರ್ ಎಂಬಾಕೆ, ಬೀದಿಯ ಮರದ ಬುಡದ ಮಣ್ಣಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಆಡುವುದನ್ನು ನೋಡಿದರಂತೆ. ಅದರಿಂದ ಹೊಳೆದದ್ದು, ಪ್ರತಿ ಬಡಾವಣೆಗೂ ಒಂದು ಚಿಕ್ಕ ಆಟದ ಜಾಗ. 1947ರಲ್ಲಿ ಬರ್ಟೆಲ್‌ಮನ್ ಚೌಕದಲ್ಲಿ ಮೊದಲನೆಯದನ್ನು ರೂಪಿಸಿದ್ದು ಇನ್ನೂ ಮೂವತ್ತು ತುಂಬಿರದ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್. ಅಗಲವಾದ ಕಾಂಕ್ರೀಟ್ ಅಂಚಿನ ಒಂದು ಮರಳಿನ ಹೊಂಡ, ಹತ್ತಿ ಹಾರಲು ಕಲ್ಲುಗಳು, ತೂಗಾಡಲು ಕಬ್ಬಿಣದ ಸರಳು, ಬೆಂಚುಗಳು. ಆಮೇಲೆ ನಡೆದದ್ದು ನನಗೆ ಹೆಚ್ಚು ಮುಖ್ಯ. ಬೇರೆ ಬೇರೆ ಬೀದಿಗಳವರು ನಗರಸಭೆಗೆ ಕಾಗದ ಬರೆಯತೊಡಗಿದರು, ನಮ್ಮ ಬೀದಿಯಲ್ಲೂ ಖಾಲಿ ಜಾಗವಿದೆ, ನಮಗೂ ಒಂದು ಮಾಡಿಕೊಡಿ ಎಂದು. ಆ ಕಾಗದಗಳು ನಗರದ ಪತ್ರಾಗಾರದಲ್ಲಿ ಇವತ್ತಿಗೂ ಇವೆ. 1978ರವರೆಗೆ ಏಳುನೂರಕ್ಕೂ ಹೆಚ್ಚು ಆಟದ ಜಾಗಗಳಾದವು.

ಅವರೂ ಕಾಗದ ಬರೆದರು, ನಾನೂ ಬರೆದೆ. ಅವರದು ಜಾಗ ತೆರೆಯಲು, ನನ್ನದು ಮುಚ್ಚಲು.

ಅಧ್ಯಕ್ಷರ ಮನೆಗೆ ಹೋಗಿ, ಇನ್ನೊಂದು ಸಭೆ ಕರೆಯೋಣ, ಬುಧವಾರ ಹನ್ನೊಂದೂವರೆಗೆ ಒಂದು, ಸಂಜೆ ನಾಲ್ಕೂವರೆಗೆ ಒಂದು ಎಂದೆ. "ಆಗ ಯಾರು ಬರ್ತಾರೆ ಮೇಷ್ಟ್ರೇ?" ಎಂದರು. ಅದಕ್ಕೇ ಕರೆಯೋಣ ಎಂದೆ. ಅವರು ಒಳ್ಳೆಯವರು, ಒಪ್ಪಿದರು. ಎಂಜಿನಿಯರೂ ಬಂದರು. ಅವರಿಗೂ ಮನಸ್ಸಿತ್ತು, ಕೇಳುವವರಿರಲಿಲ್ಲ ಅಷ್ಟೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. ಸಭೆ ಎಷ್ಟು ಗಂಟೆಗೆ ಇಡಬೇಕೆಂದು ಯಾವ ತಿದ್ದುಪಡಿಯೂ ಹೇಳುವುದಿಲ್ಲ.

ಹೆಂಗಸರು ಕೇಳಿದ್ದು ಮೂರೇ. ಶೌಚಾಲಯ ತೆಗೆದಿರಲಿ, ಕುಡಿಯುವ ನೀರಿನ ನಲ್ಲಿಗೆ ಕೈ ಎಟುಕುವಂತಿರಲಿ, ಬುತ್ತಿ ಇಟ್ಟುಕೊಳ್ಳಲು ಅಗಲವಾದ ಒಂದು ಕಟ್ಟೆ ಇರಲಿ. ಹುಡುಗರು ಕೇಳಿದ್ದು ಒಂದೇ, ಮಣ್ಣು ಹಾಗೇ ಇರಲಿ. ಅದರಲ್ಲೊಬ್ಬ, "ಕಾರಂಜಿ ಬ್ಯಾಡ ತಾತ, ಬಾಲ್ ಒಳಗೆ ಬೀಳ್ತದೆ" ಎಂದ. ಎಂಜಿನಿಯರು ನಕ್ಕು ಬರೆದುಕೊಂಡರು. ಬೀಗದ ಮನವಿ ಬರೆದವನು ನಾನೇ ಎಂದು ಹನ್ನೊಂದೂವರೆಯ ಸಭೆಯಲ್ಲಿ ಹೇಳಿದೆ. ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ತೆಗೀಬೇಕು ಅಂತಾನೂ ಒಂದು ಬರ್ಕೊಡಿ ಹಂಗಾದ್ರೆ" ಎಂದಳು. ಅಲ್ಲೇ ಕೂತು ಬರೆದೆ. ಆ ಕಾಗದಕ್ಕೆ ಸಹಿಗಳ ಜೊತೆ ಹೆಬ್ಬೆಟ್ಟುಗಳೂ ಬಿದ್ದವು. ಹಳೆಯ ನಲವತ್ತೊಂದರಲ್ಲಿ ಹದಿನೆಂಟು ಜನ ಇದಕ್ಕೂ ಸಹಿ ಹಾಕಿದರು. ಉಳಿದವರಲ್ಲಿ ಕೆಲವರು ಈಗ ಇಲ್ಲ, ಕೆಲವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಕೆಲಸ ಮುಗಿದಿದೆ. ಎಲ್ಲವೂ ನಾವಂದುಕೊಂಡಂತೆ ಆಗಲಿಲ್ಲ. ಅಂದಾಜುಪಟ್ಟಿಯಲ್ಲಿ ಇದ್ದುದರಿಂದ ಕಾರಂಜಿ ಬಂದೇ ಬಂತು, ಆದರೆ ಗೇಟಿನ ಹತ್ತಿರಕ್ಕೆ ಸರಿಯಿತು. ಮಣ್ಣಿನ ಜಾಗ ಮುಕ್ಕಾಲು ಪಾಲು ಉಳಿಯಿತು. ಹೊಂಗೆಯ ಬುಡದಲ್ಲಿ ಮೇಸ್ತ್ರಿಗಳು ಸೈಜುಗಲ್ಲಿನ ಒಂದು ಕಟ್ಟೆ ಕಟ್ಟಿದ್ದಾರೆ, ಆರು ಜನ ಆರಾಮಾಗಿ ಕೂರಬಹುದು. ಮಧ್ಯಾಹ್ನ ಗೇಟು ತೆರೆದಿರುತ್ತದೆ. ಈವರೆಗೆ ಯಾರ ನೆಮ್ಮದಿಗೂ ಭಂಗ ಬಂದದ್ದು ನನಗೆ ಕಂಡಿಲ್ಲ.

ಗ್ರಾನೈಟ್ ಕಲ್ಲೂ ನಿಂತಿದೆ. ಮೇಲೆ ಗಣ್ಯರ ಹೆಸರುಗಳು ದಪ್ಪ ಅಕ್ಷರದಲ್ಲಿವೆ, ಕೆಳಗೆ ನನ್ನ ನಾಲ್ಕು ಸಾಲು ಸಣ್ಣದಾಗಿ. ಈ ಜಾಗವನ್ನು ಎಲ್ಲರಿಗೂ ಗಾಳಿಯಾಡಲೆಂದು ಬಡಾವಣೆಯ ನಕ್ಷೆಯಲ್ಲಿ ಬಿಡಲಾಯಿತು. ಇದಕ್ಕೆ ಯಾರೋ ಹಾಕಿದ ಬೇಲಿಯನ್ನು ಇಲ್ಲಿನ ಹೆಂಗಸರು ಕಿತ್ತರು. ಆಮೇಲೆ ಇಲ್ಲಿನವರೇ ಹಾಕಿದ ಬೀಗವನ್ನು ಇಲ್ಲಿ ದುಡಿಯುವವರು ತೆಗೆಸಿದರು. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಅಧ್ಯಕ್ಷರು ಮೂರನೇ ಸಾಲನ್ನು ಎರಡು ಸಲ ಓದಿ, "ಇದು ಬೇಕಾ ಮೇಷ್ಟ್ರೇ?" ಎಂದರು. ಬೇಕು ಎಂದೆ.

ಮೊನ್ನೆ ಹನ್ನೊಂದೂವರೆಗೆ ಹೋದಾಗ ಶೌಚಾಲಯಕ್ಕೆ ಮತ್ತೆ ಬೀಗ ಬಿದ್ದಿತ್ತು. ಗಲೀಜಾಗುತ್ತದೆ ಎಂದು ಯಾರೋ ದೂರಿದ್ದಾರಂತೆ. ಮುಂದಿನ ಬುಧವಾರ ಅದೇ ಹೊತ್ತಿಗೆ ಸಭೆ ಕರೆದಿದ್ದೇವೆ. ವಿಷಯ ಒಂದೇ: ಆ ಬೀಗದ ಕೀಲಿ ಯಾರ ಹತ್ತಿರ ಇರಬೇಕು.